ನಾದಿನಿಗೊಂದು ಸೀರೆ

ಎಂಬಿಎ ವಿದ್ಯಾರ್ಥಿಗಳು ಸೀರೆ ಅಂಗಡಿ ನೋಡಲು ಬಂದಿದ್ದರು. ಅವರಲ್ಲಿ ನಿಶ್ಚಲ್ ಎಂಬವನು ಬೂಟು ಬಿಚ್ಚಿ, ಸೀರೆ ಹರವುವ ಗಾದಿ ಹತ್ತಲೂ ಒಪ್ಪಲಿಲ್ಲ.

"ಅಂಗಡಿ ಕೆಲಸ ನಮ್ಮಂಥವರಿಗಲ್ಲ. ಸೀರೆ ಮಡಿಸೋದಕ್ಕೆ ಎಂಬಿಎ ಯಾಕೆ?" ಎಂದ, ಮಾಲೀಕರ ಎದುರಿಗೇ.

ಇಪ್ಪತ್ತು ವರ್ಷದಿಂದ ಅಲ್ಲಿ ಸೀರೆ ಮಾರುತ್ತಿದ್ದ ಸುಶೀಲಾಬಾಯಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಆಗಷ್ಟೇ ಬಂದು ಕೂತ ಗಿರಾಕಿಯೊಬ್ಬಳನ್ನು ತೋರಿಸಿ, "ಈ ಅಮ್ಮನಿಗೆ ನೀವೇ ಒಂದು ಸೀರೆ ಮಾರಿ ಸಾರ್," ಎಂದಳು.

ನಿಶ್ಚಲ್ ನಿಂತಲ್ಲಿಂದಲೇ ಮೂವತ್ತು ಸೀರೆ ತೆಗೆಸಿದ. ಒಂದಕ್ಕಿಂತ ಒಂದು ಚೆಂದ. ಗಿರಾಕಿ ಯಾವುದನ್ನೂ ಒಪ್ಪದೆ ಎದ್ದಳು.

"ಸೀರೆ ಯಾರಿಗಮ್ಮ?" ಸುಶೀಲಾಬಾಯಿ ಕೇಳಿದಳು.

"ನಾದಿನಿಗೆ."

ಗಿರಾಕಿ ಉಟ್ಟಿದ್ದ ಸೀರೆಯನ್ನೊಮ್ಮೆ ನೋಡಿ, ಅದಕ್ಕಿಂತ ತುಸು ಸಪ್ಪಗಿದ್ದುದನ್ನು ಸುಶೀಲಾಬಾಯಿ ಹರವಿದಳು. "ಚೆನ್ನಾಗಿದೆ. ಆದರೆ ನಿಮ್ಮದನ್ನು ಮೀರಿಸೋದಿಲ್ಲ."

"ಇದನ್ನೇ ಕೊಡಮ್ಮ."

ನಿಶ್ಚಲ್ ಬಗ್ಗಿ ಬೂಟಿನ ದಾರ ಬಿಚ್ಚಿದ. "ಗಾದಿ ಮೇಲೆ ನನಗೂ ಜಾಗ ಇದೆಯಾ ಮೇಡಂ?"

"ಇದೆ ಸಾರ್. ಮೊದಲು ಆ ಮೂವತ್ತು ಸೀರೆ ಮಡಿಸಿ."