ಡೀಲರಿಗೆ ಕಾಫಿ

ಸಿನಿಮಾ ಶೂಟಿಂಗಿನವರ, ಒಳಗೇ ಅಡುಗೆ ಒಲೆಯಿರುವ ಕ್ಯಾರವಾನ್ ಗಾಡಿಯಲ್ಲಿ ಗ್ಯಾಸ್ ಸೋರಿ, ಅಡುಗೆಯ ಬೋರಯ್ಯ ಸುಟ್ಟು ಸತ್ತುಹೋದನಪ್ಪ. ಮಣ್ಣು ಮಾಡಿದ ಮಾರನೇ ದಿನವೇ ಗಾಡಿ ಮಾರಿದ ಡೀಲರು ಮೀಸೆ ತೀಡಿಕೊಂಡು ಬಂದ.

"ನಮ್ಮ ಗಾಡಿ ಅಪ್ಪಟ ಮಾಲು. ನಿನ್ನ ಗಂಡನೇ ಗ್ಯಾಸ್ ತಿರುಗಿಸಿ ಮುಚ್ಚೋದು ಮರೆತ ಅಂತ ಪೊಲೀಸಪ್ಪನಿಗೆ ಹೇಳಮ್ಮ."

ಬೋರಯ್ಯನ ಹೆಂಡತಿ ಚೆನ್ನಾಜಿ ಕಣ್ಣೊರೆಸಿಕೊಂಡಳು. "ಹೇಳ್ತೀನಿ ಸ್ವಾಮಿ. ಸಾವಿನ ಮನೆಗೆ ಬಂದಿದ್ದೀರಿ, ಒಂದು ಲೋಟ ಕಾಫಿ ಕುಡೀರಿ."

ಶೂಟಿಂಗಿನವರು ಮನೆ ಮುಂದೆ ನಿಲ್ಲಿಸಿದ್ದ, ಅವನೇ ಮಾರಿದ ಇನ್ನೊಂದು ಕ್ಯಾರವಾನಿನೊಳಗೆ ಅವನನ್ನೂ ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸನನ್ನೂ ಕೂರಿಸಿ, ಬಾಗಿಲು ಮುಚ್ಚಿ, ಒಲೆ ಹಚ್ಚಲು ಬೆಂಕಿಕಡ್ಡಿ ತೆಗೆದಳು.

"ಗೀರಬೇಡಮ್ಮ! ಇದರ ಪೈಪೂ ಸೋರೋ ಅಂಥದ್ದೇ!" ಡೀಲರು ಬಾಗಿಲಿಗೆ ಹಾರಿದ.

"ಸಿಲಿಂಡರು ಬಿಚ್ಚಿ ಹೊರಗಿಟ್ಟಿದ್ದೀನಿ, ಕೂತ್ಕೊಳ್ಳಿ ಸ್ವಾಮಿ," ಅಂದಳು ಚೆನ್ನಾಜಿ. "ಪೊಲೀಸಪ್ಪ ಕೇಳಿಸಿಕೊಂಡರು. ನನ್ನ ಗಂಡ ಕಡ್ಡಿ ಗೀರೋವಾಗ ಯಾರೂ ಹೀಗೆ ಕೂಗಲಿಲ್ಲ."