ಹೂವಿಲ್ಲದ ಹೂಂಗಟ್ಟೆ

ಎರೆಹಾಳದ ಗ್ರಂಥಾಲಯಕ್ಕೆ ಬಂದವರು ಮೊದಲು ಹೂವು ಹುಡುಕುತ್ತಾರೆ. ತಪ್ಪು ಅವರದಲ್ಲ. ಬಸ್ಸಿನಿಂದ ಇಳಿದರೆ ಎದುರಿಗೇ 'ಹೂವಿನಕಟ್ಟೆ ಸಾರ್ವಜನಿಕ ಗ್ರಂಥಾಲಯ' ಎಂಬ ದೊಡ್ಡ ಫಲಕವಿದೆ. ಬರೆದ ಪುಣ್ಯಾತ್ಮ ಪರವೂರಿನವನು; ನಾವು ಹೂಂಗಟ್ಟೆ ಎಂದದ್ದು ಅವನ ಕಿವಿಗೆ ಹೂಗಟ್ಟೆಯಾಯಿತು, ಅದನ್ನೂ ತಿದ್ದಿ ಹೂವಿನಕಟ್ಟೆ ಮಾಡಿಟ್ಟ. ಇಲ್ಲಿರುವುದು ಒಂದು ಬೇವಿನ ಮರ, ಅದರ ಕೆಳಗೆ ಹಾಸುಗಲ್ಲಿನ ಕಟ್ಟೆ, ಕಟ್ಟೆಗೆ ಒತ್ತಿಕೊಂಡು ಗ್ರಂಥಾಲಯದ ಮೂರು ಕೋಣೆ, ಅಷ್ಟೇ. ಕಟ್ಟಡವೋ ರಸ್ತೆಗೆ ಬೆನ್ನು ಹಾಕಿ ಕೂತಿದೆ. ಅದರ ಬಾಗಿಲು ತೆರೆಯುವುದು ಹಿಂದಿನ ಓಣಿಗೆ, ಬಿದ್ದುಹೋದ ಒಂದು ಮನೆಯ ಹೊಸ್ತಿಲಿಗೆ ಮುಖಮಾಡಿ. ಎಂಜಿನಿಯರಿಗೆ ಬುದ್ಧಿ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಎಂಜಿನಿಯರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದು ತೀರ್ಮಾನವಾಗಿತ್ತು.

ಹಿಂದೆ ಒಮ್ಮೆ, ಅಚ್ಚಿನ ಪುಸ್ತಕ ಈ ಸೀಮೆಗೆ ಇನ್ನೂ ಬಂದಿರದ ಕಾಲದಲ್ಲಿ, ಊರಿನ ಮಠದಲ್ಲಿ ಕಲ್ಲಯ್ಯ ಎಂಬ ಅಯ್ಯನವರಿದ್ದರು ಎನ್ನುತ್ತಾರೆ. ಅವರ ಬಳಿ ಓಲೆಗರಿಯ ಕಟ್ಟುಗಳಿದ್ದವು. ವರ್ಷಕ್ಕೊಮ್ಮೆ ಅವನ್ನು ಬಿಚ್ಚಿ ಅಂಗಳದಲ್ಲಿ ಬಿಸಿಲಿಗೆ ಹರವುವರು. ಅಕ್ಷರ ಬಾರದವರೂ ಮಕ್ಕಳನ್ನು ಕಟ್ಟಿಕೊಂಡು ಬಂದು, ಕೈ ಹಿಂದಕ್ಕೆ ಕಟ್ಟಿ, ಗರಿಗಳನ್ನು ಬಗ್ಗಿ ನೋಡಿ ಹೋಗುವರು. ಉಳಿದ ದಿನ ಸಂಜೆಗೆ ಓದು. ಅಯ್ಯನವರು ಒಂದು ಮಾತು ಓದಿ ನಿಲ್ಲಿಸಬೇಕು, ಕೇಳುವವರ ಪರವಾಗಿ ಒಬ್ಬರು ಹೂಂ ಎನ್ನಬೇಕು, ಆಮೇಲೆಯೇ ಮುಂದಿನ ಮಾತು. ಹೂಂಗುಟ್ಟುವವರಿಲ್ಲದೆ ಕತೆ ಹೇಳಬಾರದೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಆ ಕೆಲಸ ನೇಕಾರರ ಓಣಿಯ ಸಂಕವ್ವನದು. ಅವಳ ಹೂಂನಲ್ಲಿ ಬಗೆಗಳಿದ್ದವು: ನಂಬಿದ ಹೂಂ, ನಂಬದ ಹೂಂ, 'ಸಾಕು, ಬೆಳೆಸಬೇಡಿ' ಎನ್ನುವ ಹೂಂ. ಅವಳು ಮಗ್ಗ ಬಿಟ್ಟು ಎದ್ದು ಬರುವ ತನಕ ಅಯ್ಯನವರು ಕಟ್ಟಿನ ದಾರವನ್ನೂ ಬಿಚ್ಚುತ್ತಿರಲಿಲ್ಲ. ಊರಿಗೆ ಅಯ್ಯನವರು ದೊಡ್ಡವರು, ಅಯ್ಯನವರಿಗೆ ಸಂಕವ್ವ ದೊಡ್ಡವಳು ಎಂದು ಜನ ನಗೆಯಾಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ವಾಂತಿಭೇದಿಯ ಬೇನೆ ಬಂತು. ಒಂದೇ ವಾರದಲ್ಲಿ ಸಂಕವ್ವನ ಗಂಡನನ್ನೂ ಎರಡು ಮಕ್ಕಳನ್ನೂ ಒಯ್ದಿತು. ಅವಳು ಅಳಲಿಲ್ಲ. ಎಬ್ಬಿಸಿದರೆ ಎದ್ದಳು, ಕೂರಿಸಿದರೆ ಕೂತಳು. ಅರ್ಧ ನೆಯ್ದ ಸೀರೆ ಮಗ್ಗದ ಮೇಲೆ ಹಾಗೆಯೇ ಉಳಿಯಿತು. ಓಣಿಯ ಹೆಂಗಸರು ಅವಳನ್ನು ತಬ್ಬಿಕೊಂಡು, "ಅತ್ತುಬಿಡವಾ, ಎದಿ ಒಡದೀತು" ಎಂದು ತಾವೇ ಅತ್ತರು. ಅವಳು ಗೋಡೆಯನ್ನು ನೋಡಿದ ಹಾಗೆ ಅವರನ್ನು ನೋಡಿದಳು. ಮೊದಮೊದಲು ಮರುಗಿದ ಊರು ಆಮೇಲೆ ರೂಢಿ ಮಾಡಿಕೊಂಡಿತು. ಅದು ಬೇನೆಗಿಂತ ಕೆಟ್ಟದ್ದು ಎಂದು ನನಗೆ ಈಚೆಗೆ ಅನ್ನಿಸಿದೆ. ಬರಬರುತ್ತ, ತಂದಿಟ್ಟ ರೊಟ್ಟಿಯೂ ಅವಳ ಮುಂದೆ ಒಣಗತೊಡಗಿತು. ಹೀಗೇ ಬಿಟ್ಟರೆ ಆ ಮನೆಯಿಂದ ಇನ್ನೊಂದು ಹೆಣ ಹೊರಡುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಸೂತಕ ಕಳೆದು ಮಠದಲ್ಲಿ ಮತ್ತೆ ಜನ ಸೇರಿದಾಗ ಹೂಂಗುಟ್ಟಲು ಊರಗೌಡರು ತಾವಾಗಿ ಮುಂದೆ ಬಂದರಂತೆ. ಕಲ್ಲಯ್ಯನವರು ಕಟ್ಟನ್ನು ಕಂಕುಳಲ್ಲಿಟ್ಟು ಎದ್ದು ನಡೆದರು, ಜನ ಹಿಂದೆ ನಡೆಯಿತು. ಸಂಕವ್ವನ ಮನೆಯೆದುರು, ಇದೇ ಬೇವಿನ ಕೆಳಗೆ ಕೂತು, ಬೇನೆಗೆ ಮುಂಚೆ ನಿಂತಿದ್ದ ಕಡೆಯಿಂದ ಓದಿದರು: "ಆಗ ತಾಯಿ ಎದ್ದು ಬಾಗಿಲು ತೆರೆದಳು." ನಿಲ್ಲಿಸಿದರು. ಒಳಗಿನ ಕತ್ತಲೆಯಿಂದ ಹೂಂ ಬರಲಿಲ್ಲ. ದೀಪ ಹಚ್ಚುವ ಹೊತ್ತಿನ ತನಕ ಕಾದು ಎದ್ದುಹೋದರು. ಮರುದಿನ ಬಂದು ಅದೇ ಮಾತು ಓದಿದರು. ಅದರ ಮರುದಿನವೂ ಅದೇ. ಮುಂಗಾರು ಹೋಗಿ ಹಿಂಗಾರು ಬಂದರೂ ಆ ತಾಯಿ ಬಾಗಿಲು ತೆರೆಯುತ್ತಲೇ ಇದ್ದಳು. ಕೆಸರಿನಲ್ಲಿ ಕೂರಲಾರದೆ ಜನ ಒಂದೊಂದೇ ಹಾಸುಗಲ್ಲು ಎಳೆದು ತಂದು ಹಾಕಿಕೊಂಡರು. ಕಟ್ಟೆ ಆದದ್ದು ಹಾಗೆ.

ಕೊನೆಗೆ ಗೌಡರ ತಾಳ್ಮೆ ತಪ್ಪಿತು. "ಅಯ್ಯಾರ, ಬಾಗಲಾ ತಗದ್ಲು ಅಂತ ದಿನಾ ಹೇಳ್ತೀರಿ. ಹೊರಗ ಯಾರ ನಿಂತಿದ್ರು ಅಂತ ಒಂದ್ಸಲ ಹೇಳಿಬಿಡ್ರಿ, ಜೀವಾ ಹೋಗಾಕತ್ತೈತಿ."

"ಹೂಂ ಬರ್ಲಿ, ಗೌಡ್ರ."

"ನಾ ಅಂತೀನಲ್ರೀ, ಹೂಂ!"

"ನಿಮ್ಮ ಹೂಂ ಪಂಚಾಯ್ತಿಗೆ ಆತು, ಕತಿಗೆ ಸಾಲೂದಿಲ್ಲ" ಎಂದರಂತೆ ಅಯ್ಯನವರು.

ಆದರೆ ಅವರೂ ಮನುಷ್ಯರೇ. ಚಳಿಗಾಲದ ಒಂದು ಸಂಜೆ ಕೆಮ್ಮು ಹಿಡಿದಿತ್ತು, ಕಣ್ಣು ಮಂಜಾಗಿತ್ತು, ಇನ್ನು ಇದರಿಂದ ಫಲವಿಲ್ಲ ಎಂಬ ಬೇಸರವೂ ಬಂದಿತ್ತು. ಎಂದಿನ ಮಾತು ಓದಿದರು, ಒಂದು ಗಳಿಗೆ ನಿಂತರು, ಹೆಬ್ಬೆರಳನ್ನು ಮುಂದಿನ ಸಾಲಿಗೆ ಜಾರಿಸಿ "ಹೊರಗೆ ನೋಡಿದರೆ..." ಎಂದು ಓದಿಯೇಬಿಟ್ಟರು. ಆಗ ಒಳಗಿನಿಂದ, ತುಕ್ಕು ಹಿಡಿದ ಅಗುಳಿ ಸರಿದ ಹಾಗೆ, ಒಂದು ದನಿ ಬಂತು: "ನಾ ಇನ್ನಾ ಹೂಂ ಅಂದಿಲ್ಲಲ್ರೀ, ಅಯ್ಯಾರ."

"ತಪ್ಪಾತವಾ" ಎಂದು ಅಯ್ಯನವರು ಬೆರಳನ್ನು ಹಿಂದಕ್ಕೆ ತಂದು, ಮತ್ತೆ ಓದಿದರು: "ಆಗ ತಾಯಿ ಎದ್ದು ಬಾಗಿಲು ತೆರೆದಳು." ಬಹಳ ಹೊತ್ತಿನ ಮೇಲೆ ಸಂಕವ್ವ ಹೂಂ ಎಂದಳು. ಅದು ನಂಬಿದ ಹೂಂ ಅಲ್ಲ, ನಂಬದ ಹೂಂ ಅಲ್ಲ, ಬರೀ ಹೂಂ. ಆಮೇಲೆ ಅವಳು ಹೊಳೆಯಾಗಿ ಅತ್ತಳು, ಆ ಕಣ್ಣೀರಿಗೇ ಊರಕೆರೆ ತುಂಬಿತು ಎಂದು ಕೆಲವರು ಸೇರಿಸುತ್ತಾರೆ. ಅದು ಶುದ್ಧ ಸುಳ್ಳು. ಕೆರೆ ತುಂಬುವುದು ಮಳೆಗೆ. ಸಂಕವ್ವ ಅಂದೂ ಅಳಲಿಲ್ಲ, ಅರ್ಧ ರೊಟ್ಟಿ ತಿಂದಳು. ಮರುದಿನ ಹೊಸ್ತಿಲು ದಾಟಿ ಬಂದು ಕಟ್ಟೆಯ ಅಂಚಿನ ಕಲ್ಲಿನ ಮೇಲೆ ಕೂತಳು, ಮುದುಕಿಯಾಗುವ ತನಕ ಅಲ್ಲೇ ಕೂತು ಹೂಂಗುಟ್ಟಿದಳು. ಮಗ್ಗದ ಮೇಲಿನ ಆ ಸೀರೆಯನ್ನು ಮಾತ್ರ ಮುಗಿಸಲಿಲ್ಲ.

ಆ ಓಲೆಗರಿ ಈಗ ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ. ಒಂದು ಸಾಲಿನ ಕೆಳಗೆ ಹೆಬ್ಬೆರಳು ಸವೆಸಿದ ಕಪ್ಪು ಗುರುತನ್ನು ಯಾರಾದರೂ ನೋಡಬಹುದು. ವರ್ಷಕ್ಕೊಮ್ಮೆ ಗರಿಗಳನ್ನು ಬಿಸಿಲಿಗೆ ಹಾಕಿದಾಗ ಊರವರೂ ತಮ್ಮ ಮನೆಯ ಹಳೆಯ ಫೋಟೋ, ಮಗ್ಗದ ಲಾಳಿ, ತೊಟ್ಟಿಲು ತಂದು ಪಕ್ಕದಲ್ಲಿಡುತ್ತಾರೆ. ಪ್ರತಿ ಶನಿವಾರ ಸಂಜೆ ಗ್ರಂಥಪಾಲಕಿ ಮೆಹರುನ್ನಿಸಾ ಕಟ್ಟೆಯ ಮೇಲೆ ಮಕ್ಕಳಿಗೆ ಕತೆ ಓದುತ್ತಾಳೆ. ಅಂಚಿನ ಕಲ್ಲು ಖಾಲಿಯಿದ್ದರೆ ಮಕ್ಕಳೆಲ್ಲ ಸೇರಿ ಬೇವಿನ ಕಾಗೆಗಳು ಹಾರುವ ಹಾಗೆ ಹೂಂ ಎನ್ನುತ್ತಾರೆ. ಸಾವಾದ ಮನೆಯವರು ಯಾರಾದರೂ ಬಂದು ಆ ಕಲ್ಲಿನ ಮೇಲೆ ಕೂತರೆ ಹೂಂ ಅವರದು. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಅವರು ಹೂಂ ಎನ್ನದಿದ್ದರೆ ಪುಸ್ತಕ ಮುಚ್ಚುತ್ತದೆ, ಮುಂದಿನ ಶನಿವಾರ ಅದೇ ಸಾಲು.

ಹೋದ ಶ್ರಾವಣದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ನಾನು ಅತ್ತಿಲ್ಲ. ನಾಲಿಗೆಗೆ ಉಪ್ಪು ತಿಳಿಯುವುದಿಲ್ಲ, ಬೇರೇನೂ ಆಗಿಲ್ಲ. ಶನಿವಾರ ಹೋಗಿ ಅಂಚಿನ ಕಲ್ಲಿನ ಮೇಲೆ ಕೂರುತ್ತೇನೆ. 'ನರಿ ಬಾವಿಯೊಳಗೆ ಇಣುಕಿತು' ಎಂದು ಮೆಹರುನ್ನಿಸಾ ಓದಿ ನಿಲ್ಲಿಸುತ್ತಾಳೆ. ಹೋದ ವಾರ ಪುಸ್ತಕ ಮುಚ್ಚಿದ ಮೇಲೆ ಒಂದು ಹುಡುಗಿ ನನ್ನ ಕೋಲು ಎತ್ತಿಕೊಟ್ಟು, "ಇರ್ಲಿ ಬಿಡ್ರಿ ಅಜ್ಜಾರ, ನರಿ ಎಲ್ಲೂ ಹೋಗೂದಿಲ್ಲ" ಎಂದಳು. ಶನಿವಾರ ಸಂಜೆ ಬರುವ ಪರವೂರಿನವರು ಕಟ್ಟೆಯ ತುಂಬ ಉಸಿರೆತ್ತದೆ ಕೂತ ಮಕ್ಕಳನ್ನು ಕಂಡು, ಎಂಥ ಶಿಸ್ತು ಎಂದು ಹೊಗಳಿ ಹೋಗುತ್ತಾರೆ. ಶಿಸ್ತಲ್ಲ. ನನ್ನ ಹೂಂಗೆ ಕಾಯುತ್ತಿದ್ದಾರೆ.