ಅವ್ವನ ತೋಟದ ಕೊನೆಯ ಪುಟ

ಕಿಟಕಿಯ ಹೊರಗೆ ಒಂದು ಕುಂಡದಲ್ಲಿ ದಾಸವಾಳದ ಗಿಡವಿತ್ತು. ಅದನ್ನು ನೆಟ್ಟ ಗಿರಿಜವ್ವ ದಿನವೂ ಅಕ್ಕಿ ತೊಳೆದ ನೀರನ್ನು ಅದರ ಬುಡಕ್ಕೆ ಸುರಿಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ನೀರೂ ನಿಂತಿತು. ಮಗಳು ಶಾಂಭವಿ ಕಿಟಕಿಯ ಒಳಗೆ ಟ್ಯಾಬ್ ಹಿಡಿದು ಕೂತು, ಅವ್ವನ ಫೋಟೊಗಳನ್ನೂ ಗಿಡದ ಫೋಟೊಗಳನ್ನೂ ಜೋಡಿಸಿ ‘ಅವ್ವನ ತೋಟ’ ಎಂಬ ನೆನಪಿನ ಪುಟಗಳನ್ನು ಮಾಡತೊಡಗಿದಳು.

ಅವಳು ಎದ್ದುಹೋದ ಹೊತ್ತು ನೋಡಿ ದಾಸವಾಳ ಕೇಳಿತು: “ಟ್ಯಾಬಣ್ಣಾ, ಅವಳಿಗೆ ನನ್ನ ನೆನಪಿದೆಯೇ?”

“ಇಲ್ಲದೆ ಏನು? ನಿನ್ನನ್ನು ನೋಡಿ ಅಳದ ದಿನವಿಲ್ಲ. ನಿನ್ನ ಎಲೆಯ ಹಸಿರು ಸಾಲದೆಂದು ಬೆಳಗಿನಿಂದ ಮೂರು ಸಲ ಬಣ್ಣ ತಿದ್ದಿದ್ದಾಳೆ.”

“ಹಾಗಾದರೆ ಬುಡ ಒಣಗಿದೆಯೆಂದು ಅವಳಿಗೆ ತೋರಿಸು.”

“ಬುಡ ಯಾವ ಪುಟದಲ್ಲೂ ಇಲ್ಲ ತಂಗಿ. ಹೂವಿನಿಂದ ಕೆಳಗಿನದನ್ನೆಲ್ಲ ಅವಳು ಕತ್ತರಿಸಿಬಿಡುತ್ತಾಳೆ. ಇಲ್ಲದ್ದನ್ನು ನಾನು ಹೇಗೆ ತೋರಿಸಲಿ?”

ಅಷ್ಟರಲ್ಲಿ ಶಾಂಭವಿ ನೀರಿನ ಬಾಟಲಿ ಹಿಡಿದು ಹೊರಗೆ ಬಂದಳು. ದಾಸವಾಳಕ್ಕೆ ಹೋದ ಜೀವ ಬಂದಂತಾಯಿತು. ಉಳಿದಿದ್ದ ಒಂದೇ ಹೂವನ್ನು ಕಷ್ಟಪಟ್ಟು ಎತ್ತಿ ಹಿಡಿಯಿತು. ಇಬ್ಬನಿ ಬಿದ್ದಂತೆ ಕಾಣಲೆಂದು ಅವಳು ಆ ಹೂವಿಗೆ ನಾಲ್ಕೇ ಹನಿ ಚಿಮುಕಿಸಿ, ಟ್ಯಾಬಿನಲ್ಲಿ ಫೋಟೊ ತೆಗೆದುಕೊಂಡು, ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

“ಏನು ಬರೆಯುತ್ತಿದ್ದಾಳೆ?” ಎಂದು ದಾಸವಾಳ ಕ್ಷೀಣ ದನಿಯಲ್ಲಿ ಕೇಳಿತು.

ಟ್ಯಾಬ್ ಹೆಮ್ಮೆಯಿಂದ ಓದಿ ಹೇಳಿತು: “‘ಅವ್ವ ನೆಟ್ಟ ಗಿಡ, ಇಂದಿಗೂ ಹಸಿರು.’”

ಹೂವಿನ ಮೇಲಿನ ಹನಿಗಳು ಅಷ್ಟು ಹೊತ್ತಿಗೆ ಬಿಸಿಲಿಗೆ ಆರಿಹೋಗಿದ್ದವು. ಬುಡಕ್ಕೆ ಒಂದೂ ಇಳಿದಿರಲಿಲ್ಲ.